ತಲೆ ಮೇಲೆ ವಿಮಾನ, ಸದ್ದು ಹಿಂದಿನ ಬೆಟ್ಟದಿಂದ

ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ, ರೈಲೂ ಇಲ್ಲ. ಆದರೂ ವಿಮಾನದ ಸದ್ದಿನ ಬಗ್ಗೆ ನಮ್ಮಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯ ಇದೆ. "ಈಗೀಗ ಜಾಸ್ತಿ ಆಗಿದೆ" ಅನ್ನುವವರು ಕೆಲವರು. "ಮಂಜು ಬಿದ್ದ ದಿನ ತಗ್ಗಿನಲ್ಲಿ ಹಾರ್ತವೆ, ಅದಕ್ಕೇ ಜೋರು" ಅನ್ನುವವರು ಇನ್ನು ಕೆಲವರು. "ಮೋಡಕ್ಕೆ ತಾಗಿ ಸದ್ದು ವಾಪಸ್ ಬರುತ್ತೆ" ಅನ್ನುವುದಂತೂ ನಮ್ಮೂರಿನ ಕ್ಯಾಂಟೀನಿನಲ್ಲಿ ಯಾವತ್ತೋ ತೀರ್ಮಾನವಾದ ವಿಷಯ, ಅದರ ಮೇಲೆ ಅಪೀಲು ಇಲ್ಲ. ಹೋಂಸ್ಟೇಗೆ ಬರುವ ಬೆಂಗಳೂರಿನವರದ್ದು ಬೇರೆಯೇ ಪ್ರಶ್ನೆ. "ಇಲ್ಲೇ ಎಲ್ಲೋ ಏರ್‌ಪೋರ್ಟ್ ಇದೆಯಾ?"

ಹತ್ತಿರದ್ದು ಅಂದರೆ ಕಣ್ಣೂರಿನದು. 2018ರ ಡಿಸೆಂಬರ್ 9ರಂದು ಶುರುವಾಯಿತು. ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ದಾಟಿದರೆ ಮಟ್ಟನ್ನೂರು, ಅಲ್ಲೇ ಇದೆ. ಬೆಂಗಳೂರಿನಿಂದ ಅಲ್ಲಿಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಅದು ದಕ್ಷಿಣ ಕೊಡಗನ್ನು ದಾಟಿಕೊಂಡೇ ಹೋಗಬೇಕು. ಆದರೆ ಯಾವ ವಿಮಾನ ಎಲ್ಲಿ ಹಾರುತ್ತಿದೆ ಅಂತ ತೋರಿಸುವ ಫ್ಲೈಟ್‌ರಾಡಾರ್24 ಆ್ಯಪ್ ತೆಗೆದು ನಾನು ನೋಡಿದಾಗೆಲ್ಲ ಸಿಗುವುದು ಹೆಚ್ಚಾಗಿ ನಮಗೂ ಕಣ್ಣೂರಿಗೂ ಸಂಬಂಧವೇ ಇಲ್ಲದ, ತುಂಬಾ ಎತ್ತರದಲ್ಲಿ ಎಲ್ಲಿಂದಲೋ ಎಲ್ಲಿಗೋ ಹೋಗುವ ಜೆಟ್‌ಗಳು. ಅದೇ ಎತ್ತರದ, ಅದೇ ಜಾತಿಯ ವಿಮಾನ ಒಂದು ದಿನ ಕಿವಿಗೇ ಬೀಳುವುದಿಲ್ಲ, ಇನ್ನೊಂದು ದಿನ ಅಡುಗೆಮನೆಯ ಕಿಟಕಿ ಗಾಜು ಸಣ್ಣಗೆ ನಡುಗುತ್ತದೆ. ವಿಮಾನ ಬದಲಾಗಿಲ್ಲ. ಬದಲಾಗಿದ್ದು ನಡುವಿನ ಗಾಳಿ, ಇಲ್ಲವೇ ನಮ್ಮ ಸುತ್ತಲಿನ ಗದ್ದಲ. ಇವೆರಡರಲ್ಲಿ ಯಾವುದು ಅನ್ನುವುದು ಸದ್ದು ಯಾವ ಕೋನದಲ್ಲಿ ನಮ್ಮ ಕಡೆ ಬರುತ್ತಿದೆ ಅನ್ನುವುದರ ಮೇಲೆ ನಿಂತಿದೆ. ಈ ಕೋನದ ಮಾತನ್ನು ಯಾರೂ ಎತ್ತುವುದಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಸದ್ದು ತಡವಾಗಿ ಬರುವ ವಿಷಯ. ಜೆಟ್ ಸಾಮಾನ್ಯವಾಗಿ 35 ಸಾವಿರ ಅಡಿ ಆಸುಪಾಸಿನಲ್ಲಿ ಹಾರುತ್ತದೆ, ಅಂದರೆ ಸಮುದ್ರ ಮಟ್ಟದಿಂದ 10.7 ಕಿ.ಮೀ. ಮಡಿಕೇರಿಯೇ 1.1 ಕಿ.ಮೀ. ಮೇಲಿದೆ. ಹಾಗಾಗಿ ನಮಗೂ ಅದಕ್ಕೂ ನಡುವೆ ಉಳಿಯುವುದು ಸುಮಾರು ಒಂಬತ್ತೂವರೆ ಕಿ.ಮೀ. ಗಾಳಿ. ಕೆಳಗೆ 20 ಡಿಗ್ರಿಯ ಗಾಳಿಯಲ್ಲಿ ಸದ್ದು ಸೆಕೆಂಡಿಗೆ 343 ಮೀಟರ್ ಓಡುತ್ತದೆ. ಮೇಲೆ ಮೈನಸ್ 40 ಡಿಗ್ರಿಯ ಚಳಿ, ಅಲ್ಲಿ 305ರ ಹತ್ತಿರಕ್ಕೆ ಇಳಿಯುತ್ತದೆ. ಸದ್ದಿನ ವೇಗಕ್ಕೆ ಗಾಳಿ ತೆಳುವೋ ದಪ್ಪವೋ ಅನ್ನುವುದು ಲೆಕ್ಕಕ್ಕಿಲ್ಲ, ಬೇಕಾದದ್ದು ಉಷ್ಣತೆ ಮಾತ್ರ. ಎರಡರ ನಡುವೆ ಹಿಡಿದರೂ ನೇರ ಕೆಳಗೆ ಬರಲಿಕ್ಕೇ ಅರ್ಧ ನಿಮಿಷ ಬೇಕು. ಅಷ್ಟರಲ್ಲಿ ವಿಮಾನ, ಗಂಟೆಗೆ 830 ಕಿ.ಮೀ. ಓಡುವಂಥದ್ದು, 7 ಕಿ.ಮೀ. ಮುಂದೆ ಹೋಗಿ ಆಯಿತು.

ಇದನ್ನೇ ತಿರುಗಿಸಿ ನೋಡಿ. ವಿಮಾನ ಸರಿಯಾಗಿ ನೆತ್ತಿಯ ಮೇಲೆ ಕಾಣುತ್ತಿರುವ ಹೊತ್ತಿಗೆ ನಿಮ್ಮ ಕಿವಿಗೆ ಬೀಳುವ ಸದ್ದು ಯಾವಾಗ ಹೊರಟಿದ್ದು? ಲೆಕ್ಕ ಹಾಕಿದರೆ ಅದು ಸುಮಾರು 40 ಸೆಕೆಂಡ್ ಹಿಂದೆ, 9-10 ಕಿ.ಮೀ. ಹಿಂದಿನ ಜಾಗದಿಂದ ಹೊರಟಿದ್ದು. ಅಂದರೆ ಸದ್ದು ಬರಬೇಕಾದದ್ದು ಆಕಾಶದ ನಡು ಎತ್ತರದಿಂದ, 45 ಡಿಗ್ರಿಯಿಂದ. ಆದರೆ ದಾರಿಯಲ್ಲಿ ಅದು ಬಾಗುತ್ತದೆ (ಯಾಕೆ ಅನ್ನುವುದು ಮುಂದೆ ಬರುತ್ತದೆ). ಬಾಗಿ ನಮ್ಮನ್ನು ಮುಟ್ಟುವಾಗ 42 ಡಿಗ್ರಿ ಆಸುಪಾಸಿಗೆ ಇಳಿದಿರುತ್ತದೆ. ಬಯಲು ಸೀಮೆಯಲ್ಲಿ ಇದು ಬರೀ ಆಕಾಶ. ನಮ್ಮಲ್ಲಿ ಮನೆ ಹಿಂದೆಯೇ ಕಡಿದಾದ ಬರೆ, ಅದರ ಮೇಲೆ ತೋಟ, ತೋಟದಲ್ಲಿ ಸಿಲ್ವರ್ ಓಕ್. ಸದ್ದು ಅಲ್ಲಿಂದಲೇ ಎದ್ದು ಬಂದ ಹಾಗಿರುತ್ತದೆ. ಮಕ್ಕಳು ಸದ್ದು ಬಂದ ಕಡೆ ವಿಮಾನ ಹುಡುಕುತ್ತಾರೆ, ಸಿಗುವುದಿಲ್ಲ. ಸದ್ದಿನ ಕಡೆಯಿಂದ ಶುರು ಮಾಡಿ, ಅದು ಸರಿಯುತ್ತಿರುವ ದಿಕ್ಕಿಗೆ ಕಾಲು ಭಾಗ ಆಕಾಶ ಮುಂದೆ ನೋಡಿ ಅಂತ ಹೇಳಿಕೊಡಿ, ಸಿಗುತ್ತದೆ.

ಇನ್ನು ಆ ಸದ್ದಿನ ಬಣ್ಣ. ವಿಮಾನ ನಿಲ್ದಾಣದ ಬೇಲಿ ಪಕ್ಕ ನಿಂತವರಿಗೆ ಜೆಟ್ ಅಂದರೆ ಕಿವಿ ಸೀಳುವ ಕೀರಲು, ಸುಯ್ಯಿ, ಗುಡುಗು ಎಲ್ಲಾ ಸೇರಿದ ಗದ್ದಲ. ಎಂಜಿನ್ ಹಿಂದಿನಿಂದ ನುಗ್ಗುವ ಬಿಸಿ ಗಾಳಿ ಸುತ್ತಲಿನ ಗಾಳಿಗೆ ಉಜ್ಜಿ ಕದಡುವುದು ಅದರ ದೊಡ್ಡ ಪಾಲು. ಜೇಮ್ಸ್ ಲೈಟ್‌ಹಿಲ್ ಅನ್ನುವ ಗಣಿತಜ್ಞ 1952ರಲ್ಲಿ ತೋರಿಸಿದ ಹಾಗೆ ಈ ಸದ್ದಿನ ಶಕ್ತಿ ಆ ಗಾಳಿಯ ವೇಗದ ಎಂಟನೇ ಘಾತದಷ್ಟು ಏರುತ್ತದೆ. ವೇಗ ಅರ್ಧಕ್ಕೆ ಇಳಿಸಿದರೆ ಸದ್ದಿನ ಶಕ್ತಿ 256ರಲ್ಲಿ ಒಂದು ಪಾಲು. ಈಗಿನ ಎಂಜಿನ್‌ಗಳಿಗೆ ಅಷ್ಟು ದೊಡ್ಡ ಬಾಯಿ ಇರುವುದಕ್ಕೆ ಇದೂ ಒಂದು ಕಾರಣ. ಜಾಸ್ತಿ ಗಾಳಿಯನ್ನು ನಿಧಾನಕ್ಕೆ ತಳ್ಳಿದರೆ ಎಣ್ಣೆಯೂ ಉಳಿಯುತ್ತದೆ, ಗದ್ದಲವೂ ಕಡಿಮೆ. ಹಾಗಾಗಿ ಒಂದೊಂದು ವಿಮಾನವನ್ನೇ ತೆಗೆದುಕೊಂಡರೆ ಹಳೆಯ ಕಾಲದವುಗಳೇ ಜೋರು. ಈಗ ಹೆಚ್ಚಾಗಿರುವುದು ವಿಮಾನಗಳ ಸಂಖ್ಯೆ.

ಅಷ್ಟೆಲ್ಲ ಗದ್ದಲದಲ್ಲಿ ನಮ್ಮ ಅಂಗಳಕ್ಕೆ ಬರುವುದು ದಪ್ಪ ಗುಂಯ್ ಮಾತ್ರ. ಒಂದು, ದೂರ ಎರಡು ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ, ಅದು ಸುಮ್ನೆ ಹರಡಿಕೊಳ್ಳುವುದರಿಂದ. ಎರಡು, ಗಾಳಿ ಸದ್ದನ್ನು ತಿನ್ನುತ್ತದೆ. ಅದೂ ಸಣ್ಣ ಸ್ವರವನ್ನು, ಅಂದರೆ ಕೀರಲು ಸ್ವರವನ್ನು, ಮೊದಲು ತಿನ್ನುತ್ತದೆ. 20 ಡಿಗ್ರಿ, ನೂರಕ್ಕೆ 70 ತೇವ ಇರುವ ಗಾಳಿಯಲ್ಲಿ 125 ಹರ್ಟ್ಸ್‌ನ (ಸೆಕೆಂಡಿಗೆ 125 ಸಲ ಅದುರುವ) ದಪ್ಪ ಸದ್ದು ಒಂದು ಕಿ.ಮೀ.ಗೆ ಕಳೆದುಕೊಳ್ಳುವುದು 0.3 ಡೆಸಿಬೆಲ್. 1,000 ಹರ್ಟ್ಸ್ ಆದರೆ 5 ಡೆಸಿಬೆಲ್. 4,000 ಹರ್ಟ್ಸ್, ಅಂದರೆ ಆ ಕೀರಲಿನ ಜಾಗ, ಹತ್ತಿರ ಹತ್ತಿರ 23 ಡೆಸಿಬೆಲ್. ಮೇಲಿನ ಚಳಿ ಗಾಳಿಯಲ್ಲಿ ಅಂಕಿ ಬದಲಾಗುತ್ತದೆ, ಆದರೆ ಹತ್ತು ಕಿ.ಮೀ. ಇಳಿದು ಬರುವಷ್ಟರಲ್ಲಿ ಕೀರಲಿಗೆ ಏನೂ ಉಳಿಯುವುದಿಲ್ಲ ಅನ್ನುವುದರಲ್ಲಿ ಬದಲಾವಣೆ ಇಲ್ಲ. ಎಟಿಆರ್‌ನಂಥ ಪ್ರೊಪೆಲರ್ ವಿಮಾನಗಳನ್ನು ಕಿವಿಯಲ್ಲೇ ಗುರುತಿಸಬಹುದು. ಅವು ಜೆಟ್‌ಗಳಿಗಿಂತ ತಗ್ಗಿನಲ್ಲಿ, ಹೆಚ್ಚೆಂದರೆ 25 ಸಾವಿರ ಅಡಿಯಲ್ಲಿ ಹಾರುತ್ತವೆ. ಆರು ರೆಕ್ಕೆಯ ಪ್ರೊಪೆಲರ್ ಗಾಳಿ ಕಡಿಯುವ ಲಯವೇ ಸುಮಾರು 100 ಹರ್ಟ್ಸ್. ಅಂದರೆ ಗಾಳಿ ಮುಟ್ಟದೆ ಬಿಡುವಂಥ ಸ್ವರವನ್ನೇ ಅವು ಹೊರಡಿಸುತ್ತವೆ. ದೂರದಿಂದ ಒಂದೇ ಶ್ರುತಿಯ ಹಮ್ಮಿಂಗ್ ಕೇಳಿದರೆ ಎಟಿಆರ್ ಅಂತ ಬಾಜಿ ಕಟ್ಟಬಹುದು.

ಇಲ್ಲೊಂದು ಉಲ್ಟಾ ವಿಷಯ ಇದೆ. ಒದ್ದೆ ಗಾಳಿ ಸದ್ದನ್ನು ಹೀರಿಕೊಳ್ಳುತ್ತದೆ ಅಂತ ಎಲ್ಲರೂ ನಂಬುತ್ತಾರೆ. ನಿಜ ಏನೆಂದರೆ ಒಣ ಗಾಳಿಯೇ ಸಣ್ಣ ಸ್ವರವನ್ನು ಜಾಸ್ತಿ ತಿನ್ನುವುದು. 15 ಡಿಗ್ರಿಯಲ್ಲಿ ತೇವ ನೂರಕ್ಕೆ 20 ಇದ್ದರೆ 2,000 ಹರ್ಟ್ಸ್‌ನ ಸದ್ದು ಕಿ.ಮೀ.ಗೆ 28 ಡೆಸಿಬೆಲ್ ಕಳೆದುಕೊಳ್ಳುತ್ತದೆ. ತೇವ 80 ಆದರೆ ಬರೀ 8. 1930ರ ದಶಕದ ಶುರುವಿನಲ್ಲಿ ಅಮೆರಿಕದ ಭೌತವಿಜ್ಞಾನಿ ವರ್ನ್ ನುಡ್ಸನ್ ಮುಚ್ಚಿದ ಕೋಣೆಗಳಲ್ಲಿ ಇದನ್ನು ಅಳೆದು ತೋರಿಸಿದರು. ಆಕ್ಸಿಜನ್, ನೈಟ್ರೋಜನ್ ಅಣುಗಳು ಸದ್ದಿನ ಅಲೆಯಿಂದ ಒಂದಿಷ್ಟು ಶಕ್ತಿ ತೆಗೆದುಕೊಂಡು ಒಳಗೊಳಗೇ ಅದುರುತ್ತವೆ, ಆಮೇಲೆ ತಡವಾಗಿ ವಾಪಸ್ ಕೊಡುತ್ತವೆ. ಆ ತಡದಲ್ಲೇ ನಷ್ಟ. ನೀರಾವಿ ಸೇರಿದರೆ ಈ ಕೊಡು-ಕೊಳ್ಳುವಿಕೆ ಚುರುಕಾಗುತ್ತದೆ, ಹೆಚ್ಚಿನ ನಷ್ಟ ನಮ್ಮ ಕಿವಿಗೆ ಕೇಳದಷ್ಟು ಸಣ್ಣ ಸ್ವರಗಳ ಕಡೆ ಸರಿದುಹೋಗುತ್ತದೆ. ಹಾಗಾಗಿ ಫೆಬ್ರವರಿ ಮಧ್ಯಾಹ್ನದ ಒಣ ಗಾಳಿಗಿಂತ ಅಕ್ಟೋಬರ್‌ನ ಒದ್ದೆ ಗಾಳಿಯಲ್ಲಿ ದೂರದ ಸದ್ದು ಇನ್ನೂ ಸ್ಪಷ್ಟ. ಮಳೆಗಾಲಕ್ಕೂ ಇದೇ ಮಾತು, ಆದರೆ ಶೀಟಿನ ಮೇಲೆ ಮಳೆ ಹೊಡೆಯುವಾಗ ಎದುರು ಕೂತವರ ಮಾತೇ ಕೇಳುವುದಿಲ್ಲ, ವಿಮಾನ ಎಲ್ಲಿ ಕೇಳಬೇಕು.

ಮಂಜಿನ ವಿಷಯಕ್ಕೂ ಇಲ್ಲೇ ಉತ್ತರ ಇದೆ. ಮಂಜು, ಮೋಡ ಎರಡೂ ನೋಡಲಿಕ್ಕೆ ಗೋಡೆ. ಸದ್ದಿಗೆ ಅವು ಇದ್ದೂ ಇಲ್ಲದ ಹಾಗೆ. ಒಂದು ಘನ ಮೀಟರ್ ಮಂಜಿನಲ್ಲಿ ಇರುವ ನೀರಿನ ಹನಿ ಎಲ್ಲಾ ಸೇರಿಸಿದರೂ ಸಾಮಾನ್ಯವಾಗಿ ಒಂದು ಗ್ರಾಂ ಮುಟ್ಟುವುದಿಲ್ಲ, ಅಲ್ಲಿರುವ ಗಾಳಿಯ ತೂಕ ಮಾತ್ರ ಒಂದು ಕಿಲೋಗೂ ಜಾಸ್ತಿ. ಇಷ್ಟರಿಂದ ಸದ್ದು ಪುಟಿದು ವಾಪಸ್ ಬರುವುದು ಆಗದ ಮಾತು. ಬ್ರಿಟನ್ನಿನ ವಿಜ್ಞಾನಿ ಜಾನ್ ಟಿಂಡಲ್ 1873ರಲ್ಲಿ ಡೋವರ್ ಹತ್ತಿರದ ಸೌತ್ ಫೋರ್‌ಲ್ಯಾಂಡ್ ದೀಪಸ್ತಂಭದಲ್ಲಿ ಕಹಳೆ, ಸೀಟಿ, ತೋಪು ಎಲ್ಲಾ ಹಾರಿಸಿ ಹಡಗಿನಲ್ಲಿ ದೂರ ಹೋಗಿ ಕೇಳಿದ. ದಟ್ಟ ಮಂಜಿನ ದಿನ ಸದ್ದು ಚೆನ್ನಾಗಿ ಕೇಳುತ್ತದೆ, ಒಳ್ಳೆ ತಿಳಿ ಬಿಸಿಲಿನ ದಿನ ಕೆಲವೊಮ್ಮೆ ಕೇಳುವುದೇ ಇಲ್ಲ ಅಂತ ಗೊತ್ತಾಯಿತು. ಮಂಜು ಬೀಳುವಂಥ ದಿನ ಗಾಳಿ ನಿಂತಿರುತ್ತದೆ, ನೆಲದ ಹತ್ತಿರ ಚಳಿ ಕೂತಿರುತ್ತದೆ. ಸದ್ದಿಗೆ ಒಳ್ಳೆಯದು ಮಾಡುವುದು ಆ ಚಳಿ. ಹೆಸರು ಮಂಜಿಗೆ.

ಆ ಚಳಿ ಮಾಡುವುದು ಏನು ಅಂದರೆ, ಸದ್ದನ್ನು ಬಗ್ಗಿಸುವುದು. ಕೆಸರು ಗದ್ದೆಯ ಅಂಚಿನಲ್ಲಿ ಟಿಲ್ಲರ್ ಹೊಡೆದವರಿಗೆ ಗೊತ್ತಿರುತ್ತದೆ, ಒಂದು ಚಕ್ರ ಕೆಸರಿಗೆ ಇಳಿದರೆ ಇಡೀ ಯಂತ್ರ ಆ ಕಡೆಗೇ ತಿರುಗುತ್ತದೆ. ಸದ್ದಿನ ಅಲೆಯೂ ಹಾಗೆ, ನಿಧಾನ ಇರುವ ಕಡೆಗೆ ತಿರುಗುತ್ತದೆ. ಚಳಿ ಗಾಳಿಯಲ್ಲಿ ಸದ್ದು ನಿಧಾನ. ಹಗಲಿನಲ್ಲಿ ನೆಲ ಕಾದಿರುತ್ತದೆ, ಮೇಲೆ ಹೋದಷ್ಟೂ ಕಿ.ಮೀ.ಗೆ ಆರೇಳು ಡಿಗ್ರಿ ತಂಪು. ಹಾಗಾಗಿ ಹಗಲಿನ ಸದ್ದು ಮೇಲಕ್ಕೆ ಬಾಗಿ ಆಕಾಶಕ್ಕೆ ಎದ್ದುಹೋಗುತ್ತದೆ. ನೆಲದಲ್ಲಿ ಸ್ವಲ್ಪ ದೂರ ಇರುವವನಿಗೆ ಏನೂ ಬರುವುದಿಲ್ಲ. ಬೆಳಕಿಗೆ ನೆರಳು ಇದ್ದ ಹಾಗೆ ಸದ್ದಿಗೂ ಒಂದು ನೆರಳು ಬೀಳುತ್ತದೆ. ರಾತ್ರಿ ಉಲ್ಟಾ. ತಿಳಿಯಾದ, ಗಾಳಿ ಆಡದ ರಾತ್ರಿ ನೆಲ ಬೇಗ ತಣಿಯುತ್ತದೆ, ಬೆಟ್ಟದ ಇಳಿಜಾರಿನಲ್ಲಿ ತಣ್ಣಗಿನ ಗಾಳಿ ಜಾರಿ ಬಂದು ಗದ್ದೆ ಬಯಲಿನಲ್ಲಿ ತುಂಬಿಕೊಳ್ಳುತ್ತದೆ. ಡಿಸೆಂಬರ್ ಬೆಳಿಗ್ಗೆ ರಾಜಾಸೀಟಿನಲ್ಲಿ ನಿಂತರೆ ಕೆಳಗೆ ಕಾಣುವ ಬಿಳಿ ಕಡಲು ಇದೇ. ಅದರ ಮೇಲ್ಮೈ ಇರುವಲ್ಲಿಗೆ ಚಳಿ ಗಾಳಿಯ ಪದರ ಮುಗಿಯುತ್ತದೆ, ಅಲ್ಲಿಂದ ಮೇಲೆ ಬೆಚ್ಚಗೆ. ಇಂಥ ರಾತ್ರಿ ಬಯಲಿನಲ್ಲಿ ಹೊರಟ ಸದ್ದು ಮೇಲೆ ಹೋಗಲಾರದೆ ಕೆಳಕ್ಕೆ ಬಾಗುತ್ತದೆ, ಮತ್ತೆ ಏಳುತ್ತದೆ, ಮತ್ತೆ ಬಾಗುತ್ತದೆ.

ಹುತ್ತರಿ ರಾತ್ರಿ ಇದನ್ನು ಕೇಳಬೇಕು. ಹೊಸ ಕದಿರು ಕೊಯ್ಯುವ ಮುಹೂರ್ತಕ್ಕೆ ಗುಂಡು ಹಾರಿಸುತ್ತಾರೆ, "ಪೊಲಿ ಪೊಲಿ ದೇವಾ" ಅಂತ ಕೂಗುತ್ತಾರೆ. ನವೆಂಬರ್-ಡಿಸೆಂಬರ್‌ನ ಹುಣ್ಣಿಮೆ, ಚಳಿ, ಬಯಲಿನ ತುಂಬ ನಿಂತ ಗಾಳಿ. ನಮ್ಮ ಗದ್ದೆಯ ಗುಂಡಿನ ಸದ್ದು ಮುಗಿದ ಮೇಲೆ ಪಕ್ಕದ ಊರಿನದು, ಅದರಾಚೆಯದು, ಅದಕ್ಕೂ ಆಚೆಯದು ಒಂದೊಂದಾಗಿ ಬರುತ್ತಲೇ ಇರುತ್ತದೆ. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ತೆಂಗಿನಕಾಯಿಗೆ ಹೊಡೆಯುವ ಗುಂಡು ಹಗಲಿನದು, ಸೆಪ್ಟೆಂಬರ್‌ನದು. ಅದೇ ಕೋವಿ, ಆದರೆ ಅಷ್ಟು ದೂರ ಹೋಗುವುದಿಲ್ಲ.

ಆನೆಗಳಿಗೂ ಇದು ಗೊತ್ತಿದೆ ಅನ್ನಿಸುತ್ತದೆ. 1984ರಲ್ಲಿ ಪ್ರಾಣಿಗಳ ಸದ್ದನ್ನು ಅಧ್ಯಯನ ಮಾಡುವ ಕೇಟಿ ಪೇನ್ ಅಮೆರಿಕದ ಒಂದು ಮೃಗಾಲಯದಲ್ಲಿ ಏಷ್ಯಾದ ಆನೆಗಳ ಹತ್ತಿರ ನಿಂತಿದ್ದಾಗ ಗಾಳಿಯಲ್ಲಿ ಏನೋ ಮಿಡಿದ ಹಾಗೆ ಅನ್ನಿಸಿ, ಆಮೇಲೆ ರೆಕಾರ್ಡ್ ಮಾಡಿ ನೋಡಿದರೆ ಅವು 14ರಿಂದ 24 ಹರ್ಟ್ಸ್‌ನಲ್ಲಿ, ನಮ್ಮ ಕಿವಿಯ ಅಂಚಿನಲ್ಲಿ, ಮಾತಾಡಿಕೊಳ್ಳುತ್ತಿದ್ದವು. ಮುಂದೆ ನಮೀಬಿಯಾದ ಎತೋಷಾದಲ್ಲಿ ಗಾಳಿಯ ಉಷ್ಣತೆ ಅಳೆದು ಲೆಕ್ಕ ಹಾಕಿದವರು, ತಿಳಿಯಾದ ಸಂಜೆ ಆನೆಯ ಕರೆ 10 ಕಿ.ಮೀ. ತನಕ ಹೋಗಬಲ್ಲದು, ಮಧ್ಯಾಹ್ನ ಅದಕ್ಕಿಂತ ಎಷ್ಟೋ ಕಡಿಮೆ ಅಂದರು. ನಮ್ಮ ತೋಟಕ್ಕೆ ನುಗ್ಗುವ ಹಿಂಡು ಸಂಜೆ ಹೊತ್ತಿಗೇ ಯಾಕೆ ಒಟ್ಟಾಗುತ್ತದೆ ಅಂತ ಕೇಳಿದರೆ ಅದಕ್ಕೆ ಬೇರೆ ಹತ್ತು ಕಾರಣ ಇವೆ, ಇದೊಂದನ್ನೇ ಹಿಡಿದುಕೊಳ್ಳಬಾರದು.

ಈಗ ವಿಮಾನಕ್ಕೆ ವಾಪಸ್. ರಾತ್ರಿ ಚಳಿ ಪದರ ಸದ್ದನ್ನು ಕೆಳಕ್ಕೆ ಬಗ್ಗಿಸುತ್ತದೆ, ಆದ್ದರಿಂದಲೇ ರಾತ್ರಿ ವಿಮಾನ ಜೋರು: ಈ ವಿವರಣೆ ಎಲ್ಲಾ ಕಡೆ ಸಿಗುತ್ತದೆ. ತಲೆ ಮೇಲೆ ಹೋಗುವ ವಿಮಾನಕ್ಕೆ ಇದು ಅನ್ವಯಿಸುವುದೇ ಇಲ್ಲ. ಚಳಿ ಪದರಕ್ಕೂ ಮೇಲಿನ ಬೆಚ್ಚಗಿನ ಗಾಳಿಗೂ 5 ಡಿಗ್ರಿ ವ್ಯತ್ಯಾಸ ಇದೆ ಅಂದುಕೊಳ್ಳಿ. ಸದ್ದಿನ ವೇಗದಲ್ಲಿ ಅದು ಸೆಕೆಂಡಿಗೆ 3 ಮೀಟರ್. ಇಷ್ಟು ವ್ಯತ್ಯಾಸ ವಾಪಸ್ ತಿರುಗಿಸಬಲ್ಲದ್ದು ನೆಲಕ್ಕೆ 7-8 ಡಿಗ್ರಿ ಒಳಗೆ ಓಡುವ ಸದ್ದನ್ನು ಮಾತ್ರ. ಘಾಟಿಯಲ್ಲಿ ಲೋ ಗೇರಿನಲ್ಲಿ ಏರುವ ಲಾರಿ, ಪಕ್ಕದ ತೋಟದಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪರ್, ಮದುವೆ ಮನೆಯ ವಾಲಗ, ಹುತ್ತರಿ ಗುಂಡು, ಇವೆಲ್ಲ ಆ ಲೆಕ್ಕಕ್ಕೆ ಬರುತ್ತವೆ. 40, 60, 90 ಡಿಗ್ರಿಯಲ್ಲಿ ಇಳಿಯುವ ವಿಮಾನದ ಸದ್ದು ಆ ಪದರವನ್ನು ಗಮನಿಸದೆಯೇ ತೂರಿ ಬರುತ್ತದೆ. ರಾತ್ರಿ ಅದು ಜೋರು ಅನ್ನಿಸುವುದಕ್ಕೆ ಕಾರಣ ನಮ್ಮ ಸುತ್ತಲಿನದು. ಪಂಪು ನಿಂತಿದೆ, ಬಸ್ಸು ನಿಂತಿದೆ, ಮರ ಕೊಯ್ಯುವ ಯಂತ್ರ ನಿಂತಿದೆ, ಚಳಿಗೆ ಜೀರುಂಡೆಯೂ ಸುಮ್ಮನಾಗಿದೆ. ಹಗಲಿನಲ್ಲಿ ಇದೆಲ್ಲದರ ಅಡಿಯಲ್ಲಿ ಮುಚ್ಚಿಹೋಗುವ ವಿಮಾನ ರಾತ್ರಿ ಒಂದೇ ಉಳಿಯುತ್ತದೆ. ನಿಶ್ಶಬ್ದ ಹುಡುಕಿಕೊಂಡು ಬಂದವರಿಗೇ ಅದು ಹೆಚ್ಚು ಕೇಳುವುದು ಇದಕ್ಕೇ. ಬೆಂಗಳೂರಿನ ಮನೆಯ ಮೇಲೆ ಅದಕ್ಕಿಂತ ಹತ್ತಿರದಲ್ಲಿ ಹೋಗುವ ವಿಮಾನ ಅವರಿಗೆ ಕೇಳಿರುವುದೇ ಇಲ್ಲ.

ದೂರದ ವಿಮಾನಕ್ಕೆ ಮಾತ್ರ ಗಾಳಿಯ ಮಾತು ನಡೆಯುತ್ತದೆ. ಸದ್ದು ನಿಧಾನ ಇರುವ ಕಡೆಗೆ, ಅಂದರೆ ಚಳಿಯ ಕಡೆಗೆ ತಿರುಗುತ್ತದೆ ಅಂದೆನಲ್ಲ, ಹಾಗಾಗಿ ಮೇಲಿಂದ ಇಳಿಯುವ ಸದ್ದು ಬೆಚ್ಚಗಿನ ಗಾಳಿಗೆ ಬರುತ್ತಾ ಬರುತ್ತಾ ನೆಲಕ್ಕೆ ಸಮನಾಗಿ ಮಲಗುತ್ತದೆ (ಆಗ ಹೇಳಿದ 45 ಡಿಗ್ರಿ ಇಳಿದದ್ದು ಇದಕ್ಕೇ). ತುಂಬಾ ಓರೆಯಾಗಿ ಹೊರಟ ಸದ್ದು ನೆಲ ಮುಟ್ಟುವ ಮೊದಲೇ ಪೂರ್ತಿ ಮಲಗಿ, ಮತ್ತೆ ಮೇಲಕ್ಕೆ ತಿರುಗಿಬಿಡುತ್ತದೆ. ಗಾಳಿ ಬೀಸುತ್ತಿಲ್ಲ ಅಂದುಕೊಂಡು ಲೆಕ್ಕ ಹಾಕಿದರೆ, ಆ ಎತ್ತರದ ಜೆಟ್‌ನ ಸದ್ದಿಗೆ ಈ ಗಡಿ ಸುಮಾರು 40 ಕಿ.ಮೀ. ಅದರಾಚೆ ಇರುವ ವಿಮಾನ ಕಣ್ಣಿಗೆ ಬಿಳಿ ಗೆರೆ ಎಳೆದುಕೊಂಡು ಹೋಗುವುದು ಕಂಡರೂ ಕಿವಿಗೆ ಬರುವಂತಿಲ್ಲ.

ಬೀಸುವ ಗಾಳಿ ಈ ಗಡಿಯನ್ನು ಒಂದು ಕಡೆ ಎಳೆಯುತ್ತದೆ, ಇನ್ನೊಂದು ಕಡೆ ಕುಗ್ಗಿಸುತ್ತದೆ. ಮೇಲೆ ಹೋದಷ್ಟೂ ಗಾಳಿ ಜೋರಾಗುವುದರಿಂದ, ಗಾಳಿಯ ಜೊತೆ ಹೋಗುವ ಸದ್ದು ಕೆಳಕ್ಕೂ, ಎದುರು ಹೋಗುವ ಸದ್ದು ಮೇಲಕ್ಕೂ ಬಾಗುತ್ತದೆ. ಇದನ್ನು 1857ರಲ್ಲೇ ಬ್ರಿಟನ್ನಿನ ಗಣಿತಜ್ಞ ಸ್ಟೋಕ್ಸ್ ಹೇಳಿದ್ದ. ನಮ್ಮ ಮುಂಗಾರಿಗೆ ಇದನ್ನು ಹಚ್ಚಿ ನೋಡಿದರೆ ಮಜಾ ಇದೆ. ಜೂನ್‌ನಿಂದ ಅರಬ್ಬಿ ಸಮುದ್ರದ ಕಡೆಯಿಂದ ಬರುವ ಗಾಳಿಯ ಜೋರು ಹರಿವು ಸಮುದ್ರ ಮಟ್ಟದಿಂದ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿದೆ, ಅಂದರೆ ನಮ್ಮ ಬೆಟ್ಟಗಳ ತಲೆಯ ಮಟ್ಟದಲ್ಲಿ. ತಡಿಯಂಡಮೋಳ್ 1,748 ಮೀಟರ್, ಅದರೊಳಗೇ ತಲೆ ಹಾಕಿಕೊಂಡು ನಿಂತಿದೆ. ಅಲ್ಲಿ ಗಾಳಿ ಸೆಕೆಂಡಿಗೆ 15 ಮೀಟರ್ ದಾಟುವುದು ಸಾಮಾನ್ಯ. ಅಷ್ಟು ಎತ್ತರಕ್ಕೆ ಹೋಗುವಾಗ ತಂಪಿನಿಂದ ಸದ್ದು ಕಳೆದುಕೊಳ್ಳುವ ವೇಗ ಸೆಕೆಂಡಿಗೆ 6 ಮೀಟರ್ ಮಾತ್ರ. ಗಾಳಿಯೇ ಗೆಲ್ಲುತ್ತದೆ. ಹಾಗಾಗಿ ಮಳೆ ಒಂದು ಗಳಿಗೆ ಬಿಟ್ಟಾಗ ಪಶ್ಚಿಮದ, ಕೇರಳದ ಕಡೆಯ ಸದ್ದು ನಮಗೆ ತುಂಬಾ ಚೆನ್ನಾಗಿ ಬರಬೇಕು. ಪೂರ್ವದ, ಕುಶಾಲನಗರದ ಕಡೆಯದು ಬರಬಾರದು. ನನ್ನ ಅನುಭವಕ್ಕೂ ಇದು ಒಪ್ಪುತ್ತದೆ, ಆದರೆ ಬೆಟ್ಟ ಅಡ್ಡ ಇರುವಲ್ಲಿ ಯಾವ ಲೆಕ್ಕವೂ ಪೂರ್ತಿ ನಡೆಯುವುದಿಲ್ಲ. ಇನ್ನೊಂದು ಇದೆ: ಇದೇ ಮುಂಗಾರಿನಲ್ಲಿ ತೀರಾ ಮೇಲೆ, 14-16 ಕಿ.ಮೀ. ಎತ್ತರದಲ್ಲಿ, ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಭರ್ರನೆ ಓಡುತ್ತದೆ. ಅದನ್ನು 1950ರ ದಶಕದಲ್ಲಿ ಗುರುತಿಸಿದ್ದು ನಮ್ಮ ದೇಶದವರೇ ಆದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಮಳೆಗಾಲದಲ್ಲಿ ಎತ್ತರದ ಜೆಟ್ ಒಂದು ಗಾಳಿಯಲ್ಲಿ ಹಾರುತ್ತದೆ, ಅದರ ಸದ್ದು ಕೆಳಗೆ ಇಳಿಯುತ್ತಾ ಎದುರು ದಿಕ್ಕಿನ ಇನ್ನೊಂದು ಗಾಳಿಯನ್ನು ದಾಟಿ ಬರುತ್ತದೆ.

ಸದ್ದು ಅಲೆ ಅಲೆಯಾಗಿ ಏರಿ ಇಳಿಯುವುದು, ಒಮ್ಮೆ ಪೂರ್ತಿ ನಿಂತು ಮತ್ತೆ ಶುರುವಾಗುವುದು, ಇದೆಲ್ಲ ದಾರಿಯಲ್ಲಿನ ಗಾಳಿಯ ಸುಳಿಗಳ ಕೆಲಸ. ಎಂಜಿನ್‌ಗೆ ಏನೂ ಆಗಿರುವುದಿಲ್ಲ, ಹೆದರಬೇಡಿ.

ಆದರೆ ಸುಳಿಯ ಲೆಕ್ಕಕ್ಕೆ ಬಾರದ ಇನ್ನೊಂದು ಏರಿಳಿತ ಇದೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಕಾಫಿ ಒಣಗಿಸುವ ಸಿಮೆಂಟ್ ಕಣದ ನಡುವೆ ನಿಂತು, ಸ್ವಲ್ಪ ತಗ್ಗಿನಲ್ಲಿ ಹೋಗುವ ವಿಮಾನ ಕೇಳಿ. ಸುಯ್ಯಿ ಅನ್ನುವ ಸದ್ದಿನೊಳಗೆ ಒಂದು ಸ್ವರ ಮೇಲಿಂದ ಕೆಳಕ್ಕೆ ಜಾರುತ್ತಾ ಬರುತ್ತದೆ, ವಿಮಾನ ನೆತ್ತಿ ದಾಟಿದ ಮೇಲೆ ಮತ್ತೆ ಮೇಲಕ್ಕೆ ಏರುತ್ತದೆ. ಕೇಳುತ್ತಾ ಇರುವಾಗಲೇ ಮೊಣಕಾಲು ಮಡಿಸಿ ಕುಳಿತುಬಿಡಿ. ಸ್ವರ ತಟ್ಟನೆ ಮೇಲೇರುತ್ತದೆ. ಎದ್ದರೆ ಇಳಿಯುತ್ತದೆ. ನೇರವಾಗಿ ಬಂದ ಸದ್ದು ಒಂದು, ಕಣಕ್ಕೆ ಬಡಿದು ಪುಟಿದು ಬಂದದ್ದು ಇನ್ನೊಂದು. ಎರಡನೆಯದು ಒಂದು ಚೂರು ತಡ. ಎರಡೂ ಕಿವಿಯಲ್ಲಿ ಸೇರಿ ಕೆಲವು ಸ್ವರ ಹೆಚ್ಚುತ್ತವೆ, ಕೆಲವು ಅಳಿಸಿಹೋಗುತ್ತವೆ. ಕಿವಿ ನೆಲದಿಂದ 1.6 ಮೀಟರ್ ಎತ್ತರ ಇದ್ದು ವಿಮಾನ ನೆತ್ತಿ ಮೇಲಿದ್ದರೆ ಈ ಸ್ವರ ಸುಮಾರು 107 ಹರ್ಟ್ಸ್. ಕೂತು ಎತ್ತರ ಅರ್ಧ ಆದರೆ ಅದರ ಎರಡು ಪಟ್ಟು. 1693ರಲ್ಲಿ ಡಚ್ ವಿಜ್ಞಾನಿ ಹೈಗನ್ಸ್ ಫ್ರಾನ್ಸಿನ ಶಾಂಟಿಯಿ ಅರಮನೆಯ ತೋಟದಲ್ಲಿ ಇಂಥದ್ದನ್ನೇ ಗಮನಿಸಿದ್ದ, ಕಾರಂಜಿಯ ಸದ್ದು ಕಲ್ಲು ಮೆಟ್ಟಿಲುಗಳಿಗೆ ಬಡಿದು ಸ್ವರವಾಗಿ ಕೇಳಿತ್ತು. ತುಂಬಾ ಜನ ಈ ಜಾರುವ ಸ್ವರವನ್ನು ಡಾಪ್ಲರ್ ಪರಿಣಾಮ ಅಂದುಕೊಳ್ಳುತ್ತಾರೆ, ಅಂದರೆ ಹಾರ್ನ್ ಹೊಡೆಯುತ್ತಾ ಬಂದ ಬಸ್ಸು ನಮ್ಮನ್ನು ದಾಟಿದಾಗ ಸ್ವರ ಇಳಿಯುತ್ತದಲ್ಲ, ಅದು. ಡಾಪ್ಲರ್‌ನಲ್ಲಿ ಸ್ವರ ಇಳಿಯುತ್ತದೆ ಅಷ್ಟೇ, ಮತ್ತೆ ಏರುವುದಿಲ್ಲ. ತೋಟದೊಳಗೆ ಈ ಆಟ ನಡೆಯುವುದಿಲ್ಲ, ಒಣ ಎಲೆ, ಮೆತ್ತನೆ ಮಣ್ಣು ಸದ್ದನ್ನು ಪುಟಿಸುವುದಿಲ್ಲ. ಕಣದಲ್ಲಿ ಕಾಫಿ ಹರಡಿರುವಾಗಲೂ ಅಷ್ಟಕ್ಕಷ್ಟೇ. ಗುಡಿಸಿ ಬೋಳಾದ ಕಣ ಬೇಕು.

ಕೊನೆಗೆ, ನಮ್ಮಲ್ಲಿ ಈ ಸದ್ದಿನ ಬಗ್ಗೆ ಇಷ್ಟು ಮಾತು ಯಾಕೆ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. 2018ರ ಆಗಸ್ಟ್ ಆದ ಮೇಲೆ ನಮ್ಮ ಜನಕ್ಕೆ ಗುಡುಗುಡು ಅಂದರೆ ಮೈ ಜುಂ ಅನ್ನುತ್ತದೆ. ಬೆಟ್ಟ ಜಾರಿದ ಸದ್ದು ಕೇಳಿದವರು ಇನ್ನೂ ಮರೆತಿಲ್ಲ. 2022ರ ಜೂನ್-ಜುಲೈನಲ್ಲಿ ಚೆಂಬು, ಕರಿಕೆ ಕಡೆ ಸಣ್ಣ ಸಣ್ಣ ಭೂಕಂಪ ಆದಾಗಲೂ ಜನ ಮೊದಲು ಹೇಳಿದ್ದು ನೆಲದೊಳಗಿನ ಸದ್ದಿನ ಬಗ್ಗೆ. ಉಲ್ಟಾ ಕೂಡ ಆಗುತ್ತದೆ. 2020ರ ಮೇ 20ರಂದು ಬೆಂಗಳೂರಿನ ಅರ್ಧ ಊರು ಭೂಕಂಪ ಅಂತ ಹೊರಗೆ ಓಡಿ ಬಂತು. ಭೂಕಂಪ ಮಾಪಕಗಳಲ್ಲಿ ಏನೂ ದಾಖಲಾಗಿರಲಿಲ್ಲ. ವಾಯುಪಡೆಯ ಪರೀಕ್ಷಾ ವಿಮಾನವೊಂದು ಶಬ್ದದ ವೇಗ ಮೀರಿ ಹಾರಿ, ಮತ್ತೆ ಆ ವೇಗದ ಕೆಳಗೆ ಇಳಿಯುವಾಗ ಆದ ಸ್ಫೋಟದಂಥ ಸದ್ದು ಅಂತ ಸಂಜೆ ಹೊತ್ತಿಗೆ ರಕ್ಷಣಾ ಇಲಾಖೆ ಹೇಳಿತು. 36ರಿಂದ 40 ಸಾವಿರ ಅಡಿ ಎತ್ತರದಲ್ಲಿ, ಊರಿನಿಂದ ಆಚೆ ಹಾರುತ್ತಿದ್ದದ್ದು. ಬೇಕೆಂದರೆ ಆ ಸದ್ದೂ ನೆಲ ಮುಟ್ಟದ ಹಾಗೆ ಮಾಡಬಹುದು. ಶಬ್ದದ ವೇಗವನ್ನು ಸ್ವಲ್ಪವೇ ಮೀರಿ ಹಾರಿದರೆ ಸ್ಫೋಟದ ಅಲೆ ಓರೆಯಾಗಿ ಹೊರಟು, ಬೆಚ್ಚಗಿನ ಗಾಳಿಯಲ್ಲಿ ಮಲಗಿ, ನೆಲಕ್ಕೆ ಬರುವ ಮೊದಲೇ ಮೇಲೆ ತಿರುಗುತ್ತದೆ. 40 ಕಿ.ಮೀ. ಗಡಿಯನ್ನು ಕೊಟ್ಟದ್ದೂ ಇದೇ ಬಾಗುವಿಕೆ. 2025ರ ಜನವರಿಯಲ್ಲಿ ಅಮೆರಿಕದ ಎಕ್ಸ್‌ಬಿ-1 ಅನ್ನುವ ಪರೀಕ್ಷಾ ವಿಮಾನ ಹೀಗೇ ಶಬ್ದದ ವೇಗ ದಾಟಿತು, ಸ್ಫೋಟದ ಸದ್ದು ಕೆಳಗೆ ಯಾರಿಗೂ ಕೇಳಲಿಲ್ಲ.

ರಾತ್ರಿ ಗುಡುಗುಡು ಕೇಳಿ ಎಚ್ಚರವಾದರೆ ನಾನು ನೋಡುವುದು ಇಷ್ಟು. ಎತ್ತರದ ವಿಮಾನದ್ದಾದರೆ ಸದ್ದು ನಿಧಾನಕ್ಕೆ ಏರಿ, ಒಂದೆರಡು ನಿಮಿಷ ಇದ್ದು, ಒಂದು ದಿಕ್ಕಿಗೆ ಸರಿಯುತ್ತಾ ಇಳಿಯುತ್ತದೆ. ಕಿಟಕಿ ಗಾಜು ಅದುರಬಹುದು, ಆದರೆ ಮಂಚ ಅದುರುವುದಿಲ್ಲ. ಸಣ್ಣ ಭೂಕಂಪ ಕೆಲವೇ ಸೆಕೆಂಡ್, ಸದ್ದಿಗೆ ದಿಕ್ಕಿಲ್ಲ, ಕಾಲಿನ ಕೆಳಗಿನಿಂದ ಬರುತ್ತದೆ, ಅಟ್ಟದ ಪಾತ್ರೆ ಮಾತಾಡುತ್ತದೆ. ಮಳೆಗಾಲದಲ್ಲಿ ಇದಾವುದೂ ಅಲ್ಲದ, ನಿಲ್ಲದೆ ಜೋರಾಗುತ್ತಾ ಹೋಗುವ ಗುಡುಗುಡು ಬೆಟ್ಟದ ಕಡೆಯಿಂದ ಬಂದರೆ ಆ್ಯಪ್ ತೆಗೆದು ನೋಡುತ್ತಾ ಕೂರಬೇಡಿ, ಮೊದಲು ಮನೆಯವರನ್ನು ಎಬ್ಬಿಸಿ ಹೊರಗೆ ಕರೆದುಕೊಂಡು ಬನ್ನಿ. ನಮ್ಮಲ್ಲಿ ಆ ಹೊತ್ತಿಗೆ ನೆಟ್‌ವರ್ಕ್ ಹೇಗೂ ಇರುವುದಿಲ್ಲ.